ಟ್ರ್ಯಾಕ್ಸ್ ಗಾಡಿಯೂ ಇಪ್ಪತ್ತನಾಲ್ಕು ಡಿಗ್ರಿಯೂ

ವಾರ್ಷಿಕ ಸಂಚಿಕೆಗೆ ಗಾಡಿ ರಿಪೇರಿಯ ವಿಷಯ ಬರೆಯುತ್ತೇವೆಂದು ಹೇಳಿದಾಗ ಗೆಳೆಯರು ಕೆಲವರು ನಕ್ಕರು. ನಗಲಿ. ನಮ್ಮ ಶಾಲೆಗೆ ಬರುವ ಹುಡುಗ ಹುಡುಗಿಯರಲ್ಲಿ ಎಷ್ಟು ಜನ ಎಸ್.ಟಿ. ಬಸ್ಸಿನಲ್ಲಿ ಬರುತ್ತಾರೆ, ಎಷ್ಟು ಜನ ವಡಾಪದ ಗಾಡಿಯಲ್ಲಿ ಬರುತ್ತಾರೆ ಎಂಬುದನ್ನು ಎಣಿಸಿದವರು ನಗಲಾರರು. ಜತ್ತ ತಾಲೂಕಿನ ಪೂರ್ವಭಾಗದ ವಸ್ತಿಗಳಿಂದ ಬೆಳಿಗ್ಗೆ ಏಳಕ್ಕೆ ಹೊರಡುವ ಬಸ್ಸಿಲ್ಲ. ಒಂದು ಹಳೆಯ ಟ್ರ್ಯಾಕ್ಸ್ ಗಾಡಿ ಉಂಟು. ಆ ಗಾಡಿ ಎದ್ದರೆ ಹದಿನಾಲ್ಕು ಜನ ಪ್ರಾರ್ಥನೆಗೆ ಹಾಜರು. ಏಳದಿದ್ದರೆ ಹದಿನಾಲ್ಕು ಜನ ಗೈರುಹಾಜರು.

ಈ ಡಿಸೆಂಬರಿನಲ್ಲಿ ಅದು ಏಳದಾಯಿತು. ಚಳಿ ಬಿದ್ದ ದಿನದಿಂದ ಸ್ಟಾರ್ಟರು ಗರಗರ ತಿರುಗುವುದು, ಹಿಂದಿನಿಂದ ಬಿಳಿ ಹೊಗೆ ಮೋಡದಂತೆ ಬರುವುದು, ಬ್ಯಾಟರಿ ಇಳಿಯುವುದು, ಕಡೆಗೆ ನಾವೆಲ್ಲ ಇಳಿದು ದೂಡುವುದು ನಿತ್ಯದ ವ್ಯಾಯಾಮವಾಯಿತು. ಪೂರ್ವಪರೀಕ್ಷೆಯ ಗಣಿತದ ದಿನ ನಮ್ಮಲ್ಲಿ ಐವರು ನಲವತ್ತು ನಿಮಿಷ ತಡವಾಗಿ ಒಳಗೆ ಹೋದೆವು. ಅದು ಶಾಲೆಯ ಪರೀಕ್ಷೆ, ಗುರುಗಳು ಒಳಗೆ ಬಿಟ್ಟುಕೊಂಡರು. ಹತ್ತನೆಯ ಇಯತ್ತೆಯ ಬೋರ್ಡಿನ ಪರೀಕ್ಷೆಯಲ್ಲಿ ಹಾಗೆ ಬಿಡುವವರು ಯಾರು? ಒಬ್ಬಳ ಮನೆಯಲ್ಲಂತೂ "ದಿನಾ ಹಿಂಗಾದ್ರ ಸಾಲಿ ಸಾಕು" ಎಂಬ ಮಾತು ಆಗಲೇ ಬಂದಿತ್ತು. ಡ್ರೈವರ್ ಕಾಕಾ ಬೇರೆ ದಾರಿ ಕಾಣದೆ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ ಗಾಳಿ ಹೋಗುವ ಬಾಯಿಗೆ ಹಿಡಿಯತೊಡಗಿದ್ದರು. ಹಳೆಯ ಡ್ರೈವರುಗಳು ಬಲ್ಲ ಉಪಾಯವಿದು. ಎಂಜಿನ್ ಏಳುತ್ತದೆ, ನಿಜ. ಆದರೆ ಹತ್ತಿರ ಹದಿನಾಲ್ಕು ಮಕ್ಕಳು ನಿಂತಿರುವಾಗ ಮಾಡುವ ಕೆಲಸವಲ್ಲ. ಈ ಮಾತನ್ನು ನಮ್ಮ ವಿಜ್ಞಾನದ ಗುರುಗಳು ಅವರಿಗೆ ಹೇಳಿದರು. ಒಂದು ರವಿವಾರ ವಿಜ್ಞಾನ ಮಂಡಳದ ನಾವು ಆರು ಜನ, ಗುರುಗಳು, ಡ್ರೈವರ್ ಕಾಕಾ ಎಲ್ಲರೂ ಗಾಡಿಯೊಂದಿಗೆ ವಿಜಯಪುರದ ರಸ್ತೆಯ ಒಂದು ಗ್ಯಾರೇಜಿಗೆ ಹೋದೆವು. ಅಲ್ಲಿ ಕಂಡದ್ದನ್ನೂ, ಅನಂತರ ಪುಸ್ತಕ ನೋಡಿ ಲೆಕ್ಕ ಹಾಕಿದ್ದನ್ನೂ ಕೂಡಿಸಿ ಈ ಲೇಖನ ಬರೆದಿದ್ದೇವೆ.

ಮೊದಲು ಡೀಸೆಲ್ ಎಂಜಿನ್ನಿನ ಗುಟ್ಟನ್ನು ತಿಳಿಯಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಲು ಪ್ಲಗ್ಗು ಇದೆ. ಡೀಸೆಲ್ಲಿನಲ್ಲಿ ಕಿಡಿಯಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ಎಲ್ಲರೂ ಕೈಯಿಂದ ಮುಟ್ಟಿ ನೋಡಿದ್ದೇವೆ. ಅದೇ ತತ್ತ್ವ ಇಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಪಿಸ್ಟನ್ನು ಗಾಳಿಯನ್ನು ಅದರ ಮೂಲ ಗಾತ್ರದ ಸುಮಾರು ಇಪ್ಪತ್ತೊಂದನೆಯ ಒಂದು ಪಾಲಿಗೆ ಅದುಮುತ್ತದೆ. ಗಾಳಿಯ ಉಷ್ಣತೆ ಐದಾರು ನೂರು ಡಿಗ್ರಿ ಸೆಲ್ಸಿಯಸ್ಸಿಗೆ ಏರುತ್ತದೆ. ಆ ಕಾದ ಗಾಳಿಗೆ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1897ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಇಂಥ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದರು. ಆದರೆ ಆಗ ಇಂಧನವನ್ನು ಒಳಗೆ ನೂಕಲು ಅದುಮಿದ ಗಾಳಿಯ ದೊಡ್ಡ ಯಂತ್ರವೇ ಬೇಕಿತ್ತು. ಅದನ್ನು ರಸ್ತೆಯ ಗಾಡಿಯಲ್ಲಿ ಕೂಡಿಸುವಂತಿರಲಿಲ್ಲ. 1927ರಲ್ಲಿ ರಾಬರ್ಟ್ ಬಾಷ್ ಅವರ ಕಾರಖಾನೆ ಚಿಕ್ಕ ಪಂಪುಗಳನ್ನು ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ಲಾರಿ, ಕಾರುಗಳು ಹೆಚ್ಚಿದವು. ನಮ್ಮ ದೇಶದಲ್ಲಿ ಈ ಪಂಪುಗಳೆಂದರೆ ಮೈಕೋ ಎಂಬ ಹೆಸರು. 1951ರಲ್ಲಿ ಆರಂಭವಾದ ಬೆಂಗಳೂರಿನ ಆ ಕಂಪನಿಗೆ 2008ರಿಂದ ಬಾಷ್ ಎಂದೇ ಹೆಸರು. ಆದರೆ ಗ್ಯಾರೇಜುಗಳಲ್ಲಿ ಇಂದಿಗೂ "ಮೈಕೋ ಪಂಪು" ಎಂದೇ ಹೇಳುತ್ತಾರೆ.

ನಾವು ನೋಡಿದ ಟ್ರ್ಯಾಕ್ಸ್ ಗಾಡಿ ಹಳೆಯದು. ಅದರ ಮೇಲೆ ಇನ್ನೂ ಬಜಾಜ್ ಟೆಂಪೋ ಎಂದೇ ಇದೆ. ಪುಣೆಯ ಆ ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಒಳಗಿನ ಎಂಜಿನ್ನಿನ ವಿನ್ಯಾಸ ಮಾತ್ರ ಜರ್ಮನಿಯ ಮರ್ಸಿಡಿಸ್ಸಿನದು, ಒ.ಎಂ. 616 ಎಂದು ಅದರ ಹೆಸರು. ನಾಲ್ಕು ಸಿಲಿಂಡರು, 2.4 ಲೀಟರು. ಪಂಪಿನಲ್ಲಿಯೂ ಸಾಲಾಗಿ ನಾಲ್ಕು ಎಲಿಮೆಂಟುಗಳಿವೆ, ಸಿಲಿಂಡರಿಗೊಂದು.

ಇನ್ನು ಟೈಮಿಂಗ್ ಎಂದರೇನು? ಡೀಸೆಲ್ ಒಳಗೆ ಬಿದ್ದ ಕ್ಷಣವೇ ಹೊತ್ತುವುದಿಲ್ಲ. ಹನಿಗಳು ಆವಿಯಾಗಿ ಗಾಳಿಯೊಂದಿಗೆ ಬೆರೆತು ಹೊತ್ತಲು ಒಂದು ಸೆಕೆಂಡಿನ ಸಾವಿರದ ಒಂದೆರಡು ಪಾಲು ಬೇಕು. ಆದ್ದರಿಂದ ಪಿಸ್ಟನ್ನು ಮೇಲಿನ ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಪಂಪು ಇಂಧನವನ್ನು ನೂಕಲು ಆರಂಭಿಸಬೇಕು. ಎಷ್ಟು ಮೊದಲು ಎಂಬುದನ್ನು ಕ್ರ್ಯಾಂಕ್ ಶಾಫ್ಟು ತಿರುಗುವ ಕೋನದಿಂದ ಅಳೆಯುತ್ತಾರೆ. ಈ ಎಂಜಿನ್ನಿನ ಮೂಲ ಜರ್ಮನ್ ಲೆಕ್ಕದಲ್ಲಿ ಅದು 24 ಡಿಗ್ರಿ. ಆ ಕ್ಷಣದಲ್ಲಿ ಪಿಸ್ಟನ್ನು ತುದಿಯಿಂದ ಸುಮಾರು 5 ಮಿಲಿಮೀಟರ್ ಕೆಳಗಿರುತ್ತದೆ. ಬೇರೆ ಎಂಜಿನ್ನಿಗೆ ಬೇರೆ ಅಂಕಿ. ಗಾಡಿಯ ಸ್ವಂತ ಪುಸ್ತಕದಲ್ಲಿದ್ದದ್ದೇ ಪ್ರಮಾಣ. ಇದನ್ನು ಓದಿ ಯಾರೂ ತಮ್ಮ ಮಾವನ ಟ್ರ್ಯಾಕ್ಟರಿಗೆ 24 ಹಾಕಬಾರದು.

ಗುರುಗಳು ನಮ್ಮಿಂದ ಒಂದು ಲೆಕ್ಕ ಮಾಡಿಸಿದರು. ಎಂಜಿನ್ನು ನಿಂತಲ್ಲೇ ಮೆಲ್ಲಗೆ ನಡೆಯುವಾಗ ನಿಮಿಷಕ್ಕೆ 750 ಸುತ್ತು ಎಂದುಕೊಂಡರೆ ಸೆಕೆಂಡಿಗೆ 12.5 ಸುತ್ತು, ಅಂದರೆ 4,500 ಡಿಗ್ರಿ. 24 ಡಿಗ್ರಿ ತಿರುಗಲು ಸೆಕೆಂಡಿನ ಸಾವಿರದ ಐದು ಪಾಲಿಗಿಂತ ತುಸು ಹೆಚ್ಚು ಬೇಕು. ನಿಮಿಷಕ್ಕೆ 3,000 ಸುತ್ತಿನಲ್ಲಿ ಅದೇ 24 ಡಿಗ್ರಿಗೆ ಸಾವಿರದ ಒಂದೂಕಾಲು ಪಾಲಿನಷ್ಟೇ ಸಿಗುತ್ತದೆ. ಹಾಗಾದರೆ ವೇಗ ಹೆಚ್ಚಿದಾಗ ಹೊತ್ತಲು ವೇಳೆ ಸಾಲದಲ್ಲ ಎಂದು ನಮ್ಮಲ್ಲೊಬ್ಬಳು ಕೇಳಿದಳು. ಪ್ರಶ್ನೆ ಸರಿಯಾದದ್ದೇ. ಅದಕ್ಕಾಗಿಯೇ ಪಂಪನ್ನು ತಿರುಗಿಸುವ ಹಲ್ಲುಚಕ್ರದೊಳಗೆ ಒಂದು ಟೈಮರು ಇದೆ. ವೇಗ ಏರಿದಂತೆ ಅದರ ತೂಕದ ತುಂಡುಗಳು ಹೊರಕ್ಕೆ ಸರಿದು ಪಂಪನ್ನು ಇನ್ನಷ್ಟು ಮುಂಚಿತ ಮಾಡುತ್ತವೆ. ನಾವು ಕೈಯಿಂದ ಸರಿಪಡಿಸುವುದು ನಿಂತ ಎಂಜಿನ್ನಿನ ಮೂಲ ಅಂಕಿಯನ್ನು ಮಾತ್ರ.

ಈ ಅಂಕಿ ತಪ್ಪಿದರೆ ಏನಾಗುತ್ತದೆ? ಇಂಧನ ತಡವಾಗಿ ಬಿದ್ದರೆ ಹೊತ್ತುವಷ್ಟರಲ್ಲಿ ಪಿಸ್ಟನ್ನು ಕೆಳಗಿಳಿಯತೊಡಗಿ ಗಾಳಿ ತಣಿಯುತ್ತಿರುತ್ತದೆ. ಚಳಿಯಲ್ಲಿ ಅದು ಹೊತ್ತುವುದೇ ಇಲ್ಲ. ಸುಡದ ಡೀಸೆಲ್ಲೇ ಬಿಳಿ ಹೊಗೆಯಾಗಿ ಹೊರಬರುತ್ತದೆ, ಕಣ್ಣು ಉರಿಯುತ್ತದೆ. ಕಾದ ಮೇಲೆ ನಡೆದರೂ ಎಳೆತವಿಲ್ಲ, ಏರಿನಲ್ಲಿ ಕಪ್ಪು ಹೊಗೆ, ಡೀಸೆಲ್ ಖರ್ಚು ಹೆಚ್ಚು. ಬಹಳ ಮುಂಚಿತವಾದರೆ ಇನ್ನೂ ಅಪಾಯ: ಪಿಸ್ಟನ್ನು ಮೇಲೇರುತ್ತಿರುವಾಗಲೇ ಉರಿ ಅದನ್ನು ಕೆಳಕ್ಕೆ ಗುದ್ದುತ್ತದೆ. ಕಬ್ಬಿಣದ ಮೇಲೆ ಸುತ್ತಿಗೆಯಿಂದ ಹೊಡೆದಂಥ ಕಟಕಟ ಸದ್ದು ಬರುತ್ತದೆ, ಹೆಡ್ ಗ್ಯಾಸ್ಕೆಟ್ಟು, ಬೇರಿಂಗು, ಪಿಸ್ಟನ್ನುಗಳು ಪೆಟ್ಟು ತಿನ್ನುತ್ತವೆ. ಕೆಲವರು ಗಾಡಿ ಚುರುಕಾಗಲೆಂದು ಬೇಕೆಂತಲೇ ಮುಂಚಿತ ಮಾಡಿಸುತ್ತಾರಂತೆ. ನಾಲ್ಕು ದಿನ ಚುರುಕಾಗಿಯೇ ಓಡುತ್ತದೆ.

ಬಿಳಿ ಹೊಗೆ ಕಂಡ ಕೂಡಲೇ ಪಂಪಿಗೆ ಕೈ ಹಾಕಬಾರದೆಂಬುದು ಮಿಸ್ತ್ರಿಯವರ ಮೊದಲ ಪಾಠ. ಇದಕ್ಕೂ ಮುಂಚೆ ಬೇರೊಂದು ಕಡೆ ತೋರಿಸಿದಾಗ ಪಂಪನ್ನೇ ಪೂರಾ ಬಿಚ್ಚಿ ಎಲಿಮೆಂಟು ಬದಲಿಸಬೇಕೆಂದು ಹೇಳಿದ್ದರಂತೆ. ಆ ಖರ್ಚು ಕೇಳಿ ಡ್ರೈವರ್ ಕಾಕಾ ಗಾಡಿಯನ್ನೇ ಮಾರುವ ಯೋಚನೆಯಲ್ಲಿದ್ದರು. ಮಿಸ್ತ್ರಿಯವರು ಅವಸರ ಮಾಡಲಿಲ್ಲ. ಗಾಳಿಯ ಫಿಲ್ಟರು ನೋಡಿದರು, ಡೀಸೆಲ್ ಫಿಲ್ಟರು ಬದಲಿಸಿದರು, ಕೊಳವೆಗಳಲ್ಲಿ ಎಲ್ಲಿಯಾದರೂ ಏರ್ ಹಿಡಿಯುತ್ತಿದೆಯೇ ಎಂದು ಪರೀಕ್ಷಿಸಿದರು. ನಾಲ್ಕು ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ ಬ್ಯಾಟರಿಗೆ ತಂತಿ ಹಿಡಿದು ನೋಡಿದರು. ಮೂರು ಕೆಂಪಗಾದವು, ಒಂದು ತಣ್ಣಗಿತ್ತು. ಅದನ್ನು ಹೊಸದು ಹಾಕಿಸಬೇಕಾಯಿತು. "ಇದೊಂದರಿಂದ ಇಷ್ಟು ಹೊಗಿ ಬರಂಗಿಲ್ಲರಿ ಮಾಸ್ತರ, ಇನ್ನೂ ಏನೋ ಐತಿ" ಎಂದು ಮುಂದುವರಿದರು.

ಮುಂದೆ ಚೈನು. ಈ ಎಂಜಿನ್ನಿನಲ್ಲಿ ಕ್ರ್ಯಾಂಕಿನಿಂದ ಕ್ಯಾಮ್ ಶಾಫ್ಟಿಗೂ ಪಂಪಿಗೂ ಶಕ್ತಿ ಹೋಗುವುದು ಜೋಡಿಸಾಲಿನ ಒಂದು ಚೈನಿನ ಮೂಲಕ. ಸೈಕಲ್ಲಿನ ಚೈನು ಸವೆದು ಉದ್ದವಾಗುವಂತೆ ಇದೂ ವರ್ಷಗಳ ಮೇಲೆ ಉದ್ದವಾಗುತ್ತದೆ, ಉದ್ದವಾದಷ್ಟೂ ಪಂಪು ಹಿಂದೆ ಬೀಳುತ್ತದೆ. ಮೇಲಿನ ಮುಚ್ಚಳ ತೆಗೆದು ಕ್ಯಾಮಿನ ಗುರುತನ್ನು ಅದರ ಗೆರೆಗೆ ಸರಿಯಾಗಿ ತಂದಾಗ ಕೆಳಗೆ ಕ್ರ್ಯಾಂಕಿನ ಚಕ್ರದ ಮೇಲೆ ಸೊನ್ನೆ ಕಾಣಬೇಕಿತ್ತು; ಸುಮಾರು ಮೂರು ಡಿಗ್ರಿ ಕಂಡಿತು. ಗಾಡಿಯ ವಯಸ್ಸಿಗೆ ಇದು ಸಹಜ ಎಂದರು.

ಆಮೇಲೆ ನಮಗೆ ಬಹಳ ಹಿಡಿಸಿದ ಭಾಗ ಬಂತು. ಪಂಪಿನೊಳಗೆ ಇಂಧನ ನೂಕುವ ಆರಂಭವನ್ನು ಹೊರಗಿನಿಂದ ನೋಡುವುದು ಹೇಗೆ? ಎಲಿಮೆಂಟೆಂದರೆ ಒಂದು ಉಕ್ಕಿನ ಕೊಳವೆ, ಅದರೊಳಗೆ ಮೇಲೆ ಕೆಳಗೆ ಆಡುವ ಒಂದು ಕಡ್ಡಿ. ಎರಡರ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲು. ತಲೆಗೂದಲಿನ ದಪ್ಪ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಕೊಳವೆಯ ಗೋಡೆಯಲ್ಲಿ ಒಂದು ತೂತು ಇದೆ. ಕಡ್ಡಿ ಕೆಳಗಿದ್ದಾಗ ತೂತಿನಿಂದ ಡೀಸೆಲ್ ಒಳಗೆ ತುಂಬುತ್ತದೆ. ಕಡ್ಡಿ ಮೇಲೇರಿ ತನ್ನ ನೆತ್ತಿಯಿಂದ ತೂತನ್ನು ಮುಚ್ಚಿದ ಕ್ಷಣದಲ್ಲಿ ಡೀಸೆಲ್ಲಿಗೆ ಹಿಂದೆ ಹೋಗುವ ದಾರಿ ತಪ್ಪುತ್ತದೆ. ಇನ್ನು ಅದು ಮೇಲಿನ ಡೆಲಿವರಿ ವಾಲನ್ನು ತೆರೆದುಕೊಂಡು ನಾಜಲ್ಲಿನ ಕಡೆಗೇ ಓಡಬೇಕು. ಈ ತೂತು ಮುಚ್ಚುವ ಕ್ಷಣವೇ ಆರಂಭ. ಅಂದಮೇಲೆ ಡೆಲಿವರಿ ವಾಲನ್ನೂ ಅದರ ಸ್ಪ್ರಿಂಗನ್ನೂ ತೆಗೆದಿಟ್ಟು, ಕೈಪಂಪಿನಿಂದ ಮೆಲ್ಲಗೆ ಡೀಸೆಲ್ ನೂಕುತ್ತಿದ್ದರೆ ತೂತು ತೆರೆದಿರುವವರೆಗೆ ಮೇಲಿನಿಂದ ಧಾರೆ ಬರುತ್ತದೆ, ಮುಚ್ಚಿದಾಗ ನಿಲ್ಲುತ್ತದೆ. ಕಾಲುವೆಯ ತೂಬು ಮುಚ್ಚಿತೇ ಇಲ್ಲವೇ ಎಂಬುದನ್ನು ಕೆಳಗಿನ ನೀರು ನೋಡಿ ಹೇಳಿದಂತೆ. ಇಷ್ಟು ಸರಳವಾದ ಉಪಾಯವನ್ನು ಯೋಚಿಸಿದವನಿಗೆ ಕೈ ಮುಗಿಯಬೇಕು.

ಮಿಸ್ತ್ರಿಯವರು ಬ್ಯಾಟರಿಯ ತಂತಿ ತೆಗೆದರು, ಗೇರು ನ್ಯೂಟ್ರಲ್ಲಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟರು. ಪಂಪನ್ನು ಬ್ರಶ್ಶಿನಿಂದ ತಿಕ್ಕಿ ಡೀಸೆಲ್ಲಿನಿಂದ ತೊಳೆದು ಒರೆಸಿದರು. ಒಂದು ಮಣ್ಣಿನ ಕಣ ಎಲಿಮೆಂಟಿಗೆ ಹೋದರೆ ಅದರ ಬಾಳು ಮುಗಿಯಿತು. ಮೊದಲನೆಯ ಸಿಲಿಂಡರಿನ ಕೊಳವೆ ಬಿಚ್ಚಿ, ವಾಲು, ಸ್ಪ್ರಿಂಗು ಹೊರತೆಗೆದು ಸ್ವಚ್ಛ ಡೀಸೆಲ್ಲಿನ ಬಟ್ಟಲಲ್ಲಿ ಹಾಕಿಟ್ಟರು. ಹೋಲ್ಡರನ್ನು ಮತ್ತೆ ಕೂಡಿಸಿ ಹಂಸದ ಕೊರಳಿನಂತೆ ಬಾಗಿದ ಗಿಡ್ಡ ಕೊಳವೆಯೊಂದನ್ನು ಮೇಲೆ ಹಾಕಿದರು. ಎಕ್ಸಲೇಟರಿನ ಕಡ್ಡಿಯನ್ನು ಪೂರ್ತಿ ಎಳೆದು ಸುತಳಿಯಿಂದ ಕಟ್ಟಿದರು. ಯಾಕೆಂದು ಕೇಳಿದೆವು. ಪಂಪು ಬಂದ್ ಮಾಡುವ ಸ್ಥಾನದಲ್ಲಿದ್ದರೆ ಕಡ್ಡಿಯ ಪಕ್ಕದ ಗೀರು ತೂತಿನೆದುರು ಬಂದು ಡೀಸೆಲ್ ಹೊರಗೆ ಹೋಗುತ್ತಲೇ ಇರುತ್ತದೆ, ಧಾರೆ ಸರಿಯಾಗಿ ನಿಲ್ಲುವುದಿಲ್ಲ ಎಂದರು.

ಕ್ರ್ಯಾಂಕಿನ ಮುಂದಿನ ಚಕ್ರದ ಅಂಚಿಗೆ ಡಿಗ್ರಿಯ ಗೆರೆಗಳಿವೆ. ಎದುರಿಗೆ ಒಂದು ಮುಳ್ಳು. ಚಕ್ರದ ವ್ಯಾಸ 16 ಸೆಂಟಿಮೀಟರ್ ಎಂದುಕೊಂಡರೆ ಸುತ್ತಳತೆ ಸುಮಾರು 50 ಸೆಂಟಿಮೀಟರು, ಒಂದು ಡಿಗ್ರಿಗೆ 1.4 ಮಿಲಿಮೀಟರು. ತುಕ್ಕು ಹಿಡಿದ ಗೆರೆಗಳನ್ನು ತಿಕ್ಕಿ ಸುಣ್ಣದ ಕಡ್ಡಿಯಿಂದ ಬೆಳ್ಳಗೆ ಮಾಡುವ ಕೆಲಸ ನಮಗೆ ಬಂತು. ಕ್ರ್ಯಾಂಕನ್ನು ಪಾನಾ ಹಾಕಿ ತಿರುಗಿಸುವುದೂ ನಮಗೇ. ಹೀಟರ್ ಪ್ಲಗ್ಗು ಬಿಚ್ಚಿದ್ದರಿಂದ ಒಳಗೆ ಗಾಳಿ ಅದುಮುವುದಿಲ್ಲ, ಹಗುರವಾಗಿ ತಿರುಗುತ್ತದೆ. ಒಬ್ಬ ಕೈಪಂಪು ಒತ್ತುತ್ತಿದ್ದ, ಒಬ್ಬ ತಿರುಗಿಸುತ್ತಿದ್ದ, ಉಳಿದವರು ಕೊಳವೆಯ ಬಾಯಿ ನೋಡುತ್ತಿದ್ದೆವು. ಧಾರೆ ಸಣ್ಣದಾಯಿತು, ಹನಿಯಾಯಿತು. ಸೆಕೆಂಡಿಗೆ ಒಂದು ಹನಿ ಎಂಬಷ್ಟಾದಾಗ ನಿಲ್ಲಿಸಿ ಓದಬೇಕು. ನಮ್ಮ ಗೆಳೆಯ ಹುರುಪಿನಲ್ಲಿ ತುಸು ಮುಂದೆ ತಿರುಗಿಸಿದ, ಗಾಬರಿಯಾಗಿ ಹಿಂದಕ್ಕೆ ತಂದ. ಮಿಸ್ತ್ರಿಯವರು ಪಾನಾ ಹಿಡಿದುಬಿಟ್ಟರು. "ಹಿಂದಕ ತಿರುವಬ್ಯಾಡೋ ತಮ್ಮಾ. ಚೈನಿನ್ಯಾಗ ಸಡಿಲ ಇರತೈತಿ, ಹಿಂದಕ ತಂದ್ರ ಅದು ಸುಳ್ಳು ಅಂಕಿ ತೋರಸ್ತೈತಿ. ಮತ್ತ ಎರಡು ಸುತ್ತು ಮುಂದ ಹೋಗು." ಎರಡು ಸುತ್ತು ಯಾಕೆಂದರೆ ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ಪಂಪು ಒಂದೇ ಸುತ್ತು ತಿರುಗುತ್ತದೆ. ನಡುವಿನ ಸುತ್ತಿನಲ್ಲಿ ಅದೇ ಗೆರೆ ಬಂದರೂ ಕಡ್ಡಿ ಕೆಳಗೇ ಇರುತ್ತದೆ, ಧಾರೆ ನಿಲ್ಲುವುದೇ ಇಲ್ಲ.

ಮೂರು ಸಲ ಮಾಡಿದೆವು. ಮೂರು ಸಲವೂ 17 ಡಿಗ್ರಿ. ಇರಬೇಕಾದ್ದು 24.

ಏಳು ಡಿಗ್ರಿಯಲ್ಲಿ ಮೂರು ಚೈನಿನದೆಂದು ಹಿಡಿದರೂ ಉಳಿದ ನಾಲ್ಕು ಎಲ್ಲಿಂದ ಬಂದವು? ಹಿಂದಿನ ಬೇಸಿಗೆಯಲ್ಲಿ ಎಣ್ಣೆ ಸೋರುತ್ತಿದೆಯೆಂದು ಎಲ್ಲಿಯೋ ಪಂಪು ಬಿಚ್ಚಿಸಿ ಕೂಡಿಸಿದ್ದು ಡ್ರೈವರ್ ಕಾಕಾಗೆ ಆಗ ನೆನಪಾಯಿತು. ಬಿಚ್ಚುವ ಮೊದಲು ಗೀಟು ಹಾಕಿಕೊಳ್ಳದೆ ಕೂಡಿಸಿದ್ದರು. ಬೇಸಿಗೆಯಲ್ಲಿ ನಡೆಯಿತು, ಚಳಿಗೆ ಬಯಲಾಯಿತು. 17 ಡಿಗ್ರಿಯಲ್ಲಿ ಪಿಸ್ಟನ್ನು ತುದಿಯಿಂದ ಎರಡೂವರೆ ಮಿಲಿಮೀಟರಿನಷ್ಟೇ ಕೆಳಗಿರುತ್ತದೆಂದು ನಾವು ಆಮೇಲೆ ಲೆಕ್ಕ ಮಾಡಿದೆವು, ಇರಬೇಕಾದುದರ ಅರ್ಧ.

ಸರಿಪಡಿಸುವುದು ಹೀಗೆ. ಪಂಪಿನ ಮುಂದಿನ ಪಟ್ಟಿಯಲ್ಲಿ ಬೋಲ್ಟಿನ ತೂತುಗಳು ಉದ್ದವಾಗಿವೆ. ನಟ್ಟುಗಳನ್ನೂ ಹಿಂದಿನ ಆಧಾರವನ್ನೂ ಕೊಳವೆಗಳನ್ನೂ ಸಡಿಲಿಸಿದರೆ ಇಡೀ ಪಂಪು ತುಸು ವಾಲುತ್ತದೆ. ಒಳಗಿನ ಶಾಫ್ಟು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಪಂಪಿನ ಮೈಯನ್ನು ತಿರುಗಿಸಿದರೆ ಇಂಧನ ಮುಂಚಿತ. ಅದೇ ದಿಕ್ಕಿಗೆ ತಿರುಗಿಸಿದರೆ ತಡ. ಈ ಎಂಜಿನ್ನಿನಲ್ಲಿ ಪಂಪಿನ ತಲೆಯನ್ನು ಎಂಜಿನ್ನಿನ ಕಡೆಗೆ ವಾಲಿಸಿದರೆ ಮುಂಚಿತವಾಗುತ್ತದೆ. ಎಷ್ಟು ವಾಲಿಸಬೇಕು? ಇಲ್ಲಿ ನಾವು ಏಳು ಡಿಗ್ರಿ ಎಂದು ಒಟ್ಟಾಗಿ ಹೇಳಿ ತಪ್ಪಿದೆವು. ಪಂಪು ಅರ್ಧ ವೇಗದಲ್ಲಿ ತಿರುಗುವುದರಿಂದ ಕ್ರ್ಯಾಂಕಿನ ಏಳು ಡಿಗ್ರಿಗೆ ಪಂಪಿನ ಮೂರೂವರೆ ಡಿಗ್ರಿ ಸಾಕು; ಬೋಲ್ಟಿನ ಹತ್ತಿರ ಅಳೆದರೆ ಮೂರು ಮಿಲಿಮೀಟರಿಗಿಂತ ಕಡಿಮೆ. ಹಳೆಯ ಸ್ಥಾನಕ್ಕೆ ಮೊದಲು ಮೊಳೆಯಿಂದ ಗೀಟು ಎಳೆದು, ಪಂಪನ್ನು ವಾಲಿಸಿ, ನಟ್ಟು ಬಿಗಿದು ಮತ್ತೆ ಎರಡು ಸುತ್ತು ತಿರುಗಿಸಿ ಓದಿದೆವು. 26 ಬಂತು. ಕೂದಲೆಳೆಯಷ್ಟು ಹಿಂದೆ. 23. ಮತ್ತೆ ಸಡಿಲಿಸಿ, ಮತ್ತೆ ಬಿಗಿದು, ಐದನೆಯ ಸಲಕ್ಕೆ 24. ಅಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ತಂದಿದ್ದ ಜೋಳದ ರೊಟ್ಟಿಯನ್ನು ಡೀಸೆಲ್ ವಾಸನೆಯ ಕೈಯಲ್ಲೇ ತಿಂದೆವು.

ವಾಲು, ಸ್ಪ್ರಿಂಗು ಕೂಡಿಸುವಾಗ ಹೊಸ ತಾಮ್ರದ ವಾಶರ್ ಹಾಕಿ, ಅಳತೆ ತೋರಿಸುವ ಟಾರ್ಕ್ ಪಾನಾದಿಂದ ಬಿಗಿದರು. ಕೊಳವೆಗಳನ್ನು ಕೂಡಿಸುವಾಗ ಗಮನಿಸಿದ್ದು: ಹತ್ತಿರದ ಸಿಲಿಂಡರಿಗೆ ಹೋಗುವ ಕೊಳವೆಯೂ ಸುಮ್ಮನೆ ಸುತ್ತು ಹಾಕಿಕೊಂಡು ಹೋಗಿದೆ. ಡೀಸೆಲ್ಲಿನಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 1,300 ಮೀಟರ್ ವೇಗದಲ್ಲಿ ಹೋಗುತ್ತದೆ. ಕೊಳವೆಗಳ ಉದ್ದ ಬೇರೆ ಬೇರೆಯಾದರೆ ನಾಲ್ಕು ನಾಜಲ್ಲುಗಳು ನಾಲ್ಕು ಬೇರೆ ಕ್ಷಣಗಳಲ್ಲಿ ತೆರೆದಾವು. ಆದ್ದರಿಂದ ನಾಲ್ಕೂ ಸಮ ಉದ್ದ. ಇನ್ನೊಂದು ಎಚ್ಚರಿಕೆಯನ್ನು ಮಿಸ್ತ್ರಿಯವರು ಎರಡು ಸಲ ಹೇಳಿದರು. ಎಂಜಿನ್ನು ನಡೆಯುವಾಗ ಸೋರುವ ಜಾಗಕ್ಕೆ ಬೆರಳು ಹಿಡಿಯಕೂಡದು. ನಾಜಲ್ಲು ತೆರೆಯುವುದೇ ನೂರು ಬಾರ್‌ಗೂ ಮಿಕ್ಕ ಒತ್ತಡದಲ್ಲಿ. ಆ ಧಾರೆ ಸೂಜಿಯಂತೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ ಕಂಡರೂ ಕೂಡಲೇ ದವಾಖಾನೆಗೆ ಹೋಗದಿದ್ದರೆ ಬೆರಳೇ ಹೋದೀತು. ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿಯಬೇಕು.

ನಮ್ಮ ಹೊಲಗಳ ಬಾವಿಯ ಮೇಲಿನ ಒಂಟಿ ಸಿಲಿಂಡರಿನ ಎಂಜಿನ್ನುಗಳಲ್ಲಿ ಪಂಪು ಹೀಗೆ ವಾಲುವುದಿಲ್ಲ. ಪಂಪಿನ ಬುಡಕ್ಕೆ ತೆಳು ತಗಡಿನ ಪಟ್ಟಿಗಳನ್ನು ಇಟ್ಟಿರುತ್ತಾರೆ. ಪಟ್ಟಿ ಹೆಚ್ಚಿಸಿದರೆ ಪಂಪು ಮೇಲೇರಿ ತೂತು ತಡವಾಗಿ ಮುಚ್ಚುತ್ತದೆ, ತೆಗೆದರೆ ಬೇಗ ಮುಚ್ಚುತ್ತದೆ. ಪಂಪು ಬಿಚ್ಚಿದಾಗ ಆ ಪಟ್ಟಿ ಕಸವೆಂದು ಎಸೆದು, ಆಮೇಲೆ ಎಂಜಿನ್ನು ಕಟಕಟ ಎನ್ನುತ್ತದೆಂದು ಹಲುಬುವವರು ನಮ್ಮ ಊರಲ್ಲೇ ಇದ್ದಾರೆ. ಹೆಸರು ಬರೆಯುವುದಿಲ್ಲ, ಅವರ ಮಗ ನಮ್ಮ ವರ್ಗದಲ್ಲಿದ್ದಾನೆ.

ಸಂಜೆ ಏರ್ ತೆಗೆದು ಗಾಡಿ ಚಾಲೂ ಮಾಡಿದಾಗ ಮೊದಲಿಗೆ ಸದ್ದು ಗಡುಸಾಗಿ ಕೇಳಿತು. ಡ್ರೈವರ್ ಕಾಕಾ ಹೆದರಿದರು. ಇಷ್ಟು ದಿನ ತಡವಾದ ಎಂಜಿನ್ನಿನ ಮೆತ್ತಗಿನ ಸದ್ದಿಗೆ ಅವರ ಕಿವಿ ಒಗ್ಗಿತ್ತು. ಮಿಸ್ತ್ರಿಯವರು ಚಕ್ರದ ಕಡೆ ಬೆರಳು ತೋರಿಸಿ, "ಕಿವಿ ಮಾತ ಕೇಳಬ್ಯಾಡ್ರಿ, ಹುಡುಗೂರು ಐದು ಸಲ ಓದ್ಯಾರ" ಎಂದರು.

ಮರುದಿನ ಬೆಳಿಗ್ಗೆ ಆರೂವರೆಗೆ, ಬಯಲಿನಲ್ಲಿ ಮಂಜು ಇನ್ನೂ ಹರಿದಿರಲಿಲ್ಲ. ಹೀಟರಿನ ದೀಪ ಆರುವವರೆಗೆ ಕಾದು ಸ್ಟಾರ್ಟರು ತಿರುಗಿಸಿದರು. ಎರಡನೆಯ ಸಲಕ್ಕೆ ಎದ್ದಿತು. ತುಸು ಬಿಳಿ ಹೊಗೆ ಬಂದು, ಗಾಡಿ ಊರ ಅಗಸಿ ದಾಟುವುದರೊಳಗೆ ನಿಂತಿತು. ಮೂರನೆಯ ಕೊಳವೆಯ ನಟ್ಟಿನಲ್ಲಿ ಸಣ್ಣ ಸೋರಿಕೆ ಇತ್ತು, ಎಂಜಿನ್ನು ಬಂದ್ ಮಾಡಿ ಬಿಗಿದರು. ಚೈನು ಮಾತ್ರ ಹಳೆಯದೇ. ಪರೀಕ್ಷೆಗಳು ಮುಗಿದ ಮೇಲೆ ಬದಲಿಸುತ್ತಾರಂತೆ, ಬದಲಿಸಿದ ದಿನ ಟೈಮಿಂಗನ್ನು ಮತ್ತೆ ನೋಡಲೇಬೇಕು. ಬಾನೆಟ್ಟಿನ ಒಳಮೈಯಲ್ಲಿ ನಮ್ಮವಳೊಬ್ಬಳು ಬಿಳಿ ಬಣ್ಣದಿಂದ ತಾರೀಖನ್ನೂ, "24"ನ್ನೂ, ಪಕ್ಕದಲ್ಲಿ "ಚೈನು 3"ನ್ನೂ ಬರೆದಿದ್ದಾಳೆ, ಮುಂದೆ ಪಂಪು ಬಿಚ್ಚುವವರಿಗೆ ಕಾಣಲೆಂದು.